ಒಂದೇ ಡಬ್ಬಿ, ಮೂರು ಉತ್ತರ

ಆಗ ನಾನು ಫುಡ್ ಲ್ಯಾಬ್‌ಗೆ ಹೊಸಬಳು. ಹಸುಗೂಸುಗಳ ಹಾಲಿನ ಪುಡಿಯಲ್ಲಿ ವಿಟಮಿನ್ ಎ ಎಷ್ಟಿದೆ ಎಂದು ನೋಡಬೇಕಿತ್ತು. ಒಂದೇ ಡಬ್ಬಿಯಿಂದ ಮೂರು ಸಲ ತೂಗಿ ಮಾಡಿದೆ. ಮೂರು ಸಲವೂ ಬೇರೆ ಬೇರೆ ಉತ್ತರ. ವಿಟಮಿನ್ ಅನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಅದರ ಹಿಂದೆ ಬಿದ್ದೆ.

ನಮ್ಮ ಹಿರಿಯ ಮೇಡಂ ಬಂದು ಕೇಳಿದರು: “ಪುಡಿ ಎಷ್ಟು ತಗೊಂಡೆ?”

“2 ಗ್ರಾಂ, ಮೇಡಂ.”

“ಅಷ್ಟು ಸ್ವಲ್ಪದರಲ್ಲಿ ಪ್ರತಿ ಸಲವೂ ವಿಟಮಿನ್ ಒಂದೇ ಸಮ ಸಿಗುತ್ತಾ?”

ಕೆಲವು ಪುಡಿಗಳಿಗೆ ವಿಟಮಿನ್‌ಗಳನ್ನು ಕೊನೆಗೆ ಒಣದಾಗಿಯೇ ಬೆರೆಸುತ್ತಾರೆ. ಚಿತ್ರಾನ್ನದ ಕಡಲೆಬೀಜದ ಹಾಗೆ. ಒಂದು ತುತ್ತಿಗೆ ನಾಲ್ಕು ಬರುತ್ತದೆ, ಇನ್ನೊಂದಕ್ಕೆ ಒಂದೂ ಇಲ್ಲ. ಅಂದಿನಿಂದ 25 ಗ್ರಾಂ ಪುಡಿಯನ್ನು 200 ಗ್ರಾಂ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆ ಹಾಲಿನಿಂದಲೇ ತೂಗಿಕೊಳ್ಳುತ್ತೇನೆ.

ಅಂಕಿಗಳು ಹತ್ತಿರ ಬಂದವು. ಆದರೆ ಎಲ್ಲವೂ ಕಡಿಮೆ! ವಿಟಮಿನ್ ಎ ಬೆಳಕಿಗೂ ಗಾಳಿಗೂ ಬೇಗ ಹಾಳಾಗುತ್ತದೆ. ನಾನು ಕಿಟಕಿ ಪಕ್ಕದಲ್ಲೇ, ಸಾದಾ ಗಾಜಿನ ಫ್ಲಾಸ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಪರದೆ ಎಳೆದು, ಹಳದಿ ಬಲ್ಬ್ ಹಾಕಿ, ಕಂದು ಗಾಜಿಗೆ ಬದಲಾಯಿಸಿದೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಮತ್ತು ಎಥನಾಲ್ ಹಾಕಿ ಬಿಸಿ ಮಾಡುವ ಮೊದಲೇ, ವಿಟಮಿನ್ ಅನ್ನು ಗಾಳಿಯಿಂದ ಕಾಪಾಡುವ ಪೈರೊಗ್ಯಾಲಾಲ್ ಸೇರಿಸಿದೆ.

ಈ ಬಿಸಿಯಲ್ಲಿ ಕೊಬ್ಬು ಸೋಪ್ ಆಗುತ್ತದೆ. ಆಮೇಲೆ ವಿಟಮಿನ್ ಅನ್ನು ತನ್ನೊಳಗೆ ಎಳೆದುಕೊಳ್ಳಲು ಹೆಕ್ಸೇನ್ ಎಂಬ ದ್ರಾವಕ ಹಾಕುತ್ತೇವೆ. ಆಗ ಜೋರಾಗಿ ಕುಲುಕಿದರೆ ಕೆಲಸ ಕೆಟ್ಟಿತು. ಮೇಲೆ ಹೆಕ್ಸೇನ್, ಕೆಳಗೆ ನೀರು, ನಡುವೆ ಮೊಸರಿನ ಕೆನೆಯಂಥ ದಪ್ಪ ಪದರ, ಮಧ್ಯಾಹ್ನದವರೆಗೂ ಕರಗುವುದಿಲ್ಲ. ನಮಗೆ ಬೇಕಾದ ವಿಟಮಿನ್ ಅದರಲ್ಲೂ ಸಿಕ್ಕಿಕೊಂಡಿರುತ್ತದೆ. ಈಗ ಪದರಗಳನ್ನು ಬೇರ್ಪಡಿಸುವ ಫನಲ್ ಅನ್ನು ಮೆಲ್ಲಗೆ ತಿರುಗಿಸುತ್ತೇನೆ, ಎರಡು ಮೂರು ಸಲ ಹೊಸ ಹೆಕ್ಸೇನ್‌ನಿಂದ ತೆಗೆಯುತ್ತೇನೆ.

ಇಷ್ಟೊಂದು ಹಟ ಯಾಕೆ ಅಂದರೆ, ಎದೆಹಾಲು ಸಿಗದ ಮಗುವಿಗೆ ಮೊದಲ ತಿಂಗಳುಗಳಲ್ಲಿ ಈ ಡಬ್ಬಿಯೇ ಪೂರ್ತಿ ಊಟ. ವಿಟಮಿನ್ ಎ ಕಡಿಮೆಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಪ್ರೋಟೀನ್ ನೋಡುವ ಕೆಲ್ಡಾಲ್ ವಿಧಾನದಲ್ಲೂ ಅಂಕಿ ಮೋಸ ಮಾಡೀತೆಂಬ ಭಯ ನನಗೆ. ಅದು ಅಳೆಯುವುದು ನೈಟ್ರೋಜನ್ ಮಾತ್ರ, ಅದನ್ನು 6.25 ಅಥವಾ 6.38ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತೇವೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಸಲು ಬಳಸುವ ರಾಸಾಯನಿಕ ಹಾಕಿದರು. ಅದರ ತೂಕದಲ್ಲಿ ಮೂರನೇ ಎರಡು ಭಾಗ ನೈಟ್ರೋಜನ್. ಅಂಕಿ ಚೆನ್ನಾಗೇ ಕಂಡಿತು, ಲಕ್ಷಗಟ್ಟಲೆ ಮಕ್ಕಳು ಕಾಯಿಲೆ ಬಿದ್ದರು.

ಅದಕ್ಕೇ ಪ್ರತಿ ಬ್ಯಾಚ್ ಜೊತೆ ಅಮೆರಿಕದ ಅಳತೆ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿಯ 1849ಎ ಎಂಬ ಮಾದರಿ ಪುಡಿಯನ್ನೂ ಇಡುತ್ತೇನೆ. ಅದರಲ್ಲಿ ಏನೇನು ಎಷ್ಟಿದೆ ಎಂದು ಮೊದಲೇ ಖಚಿತಪಡಿಸಿರುತ್ತಾರೆ. ಆ ಸಲ ಅದರ ವಿಟಮಿನ್ ಎ ಸರಿಯಾಗಿ ಬಂತು. ನಮ್ಮ ಡಬ್ಬಿಯ ಮೂರು ಉತ್ತರಗಳೂ ಒಂದಕ್ಕೊಂದು ಹೊಂದಿದವು. ಆಮೇಲೆಯೇ ರಿಪೋರ್ಟ್‌ಗೆ ಸಹಿ ಹಾಕಿದೆ.