ಕನ್ನಡಿ ಬ್ರಾಕೆಟ್ಟಿಗೆ ಸಿಬಿ ಆಂಟೆನಾ ಹಾಕುವವರು ಮೊದಲು ಗ್ರೌಂಡ್ ನೋಡಿ

ಅಮೆರಿಕದಲ್ಲಿ ಸೆಮಿ ಟ್ರಕ್ ಓಡಿಸುವವರಿಗೆ ಒಂದು ಮಾತು. ಸಿಬಿಯ, ಅಂದರೆ ಚಾಲಕರು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೊದ, ಚಾನೆಲ್ 19ರಲ್ಲಿ ನಿಮ್ಮ ದನಿ ದೂರ ಹೋಗುತ್ತಿಲ್ಲವೆಂದರೆ ಹೊಸ ರೇಡಿಯೊ ಕೊಳ್ಳಲು ಓಡಬೇಡಿ. ಸೆಟ್ಟಿನ ಶಕ್ತಿ ಎಎಮ್‌ನಲ್ಲಿ ಬರೀ 4 ವ್ಯಾಟ್. ಅದನ್ನು ಹಾಳು ಮಾಡುವುದು ಸಾಮಾನ್ಯವಾಗಿ ಕೆಟ್ಟ ಗ್ರೌಂಡ್, ಅಂದರೆ ಆಂಟೆನಾದ ಬುಡಕ್ಕೂ ಟ್ರಕ್ಕಿನ ಲೋಹದ ಮೈಗೂ ಸರಿಯಾದ ವಿದ್ಯುತ್ ಸಂಪರ್ಕ ಇಲ್ಲದಿರುವುದು.

ಕನ್ನಡಿ ಬ್ರಾಕೆಟ್ ಇರುವುದು ಬಾಗಿಲಿನ ಮೇಲೆ. ನಡುವೆ ಪೇಂಟ್, ರಬ್ಬರ್, ಗ್ರೀಸ್ ತುಂಬಿದ ಕೀಲು. ನೋಡಲು ಲೋಹ, ಆದರೆ ಎಷ್ಟೋ ಸಲ ಚಾಸಿಗೆ (ಟ್ರಕ್ಕಿನ ಲೋಹದ ಚೌಕಟ್ಟಿಗೆ) ಸಂಪರ್ಕವೇ ಇರುವುದಿಲ್ಲ. ಆಂಟೆನಾ ಬಿಚ್ಚಿ, ಮಲ್ಟಿಮೀಟರಿನಲ್ಲಿ ಬ್ರಾಕೆಟ್ಟಿನಿಂದ ಚಾಸಿಗೆ ಓಮ್ ಅಳೆಯಿರಿ: ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಪೇಂಟ್ ಕೆರೆದು, ಹೆಣೆದ ಅಗಲ ತಾಮ್ರದ ಪಟ್ಟಿಯನ್ನು ಬ್ರಾಕೆಟ್ಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಕ್ಯಾಬಿನ ಲೋಹಕ್ಕೆ ಬಿಗಿಯಿರಿ. ಪಟ್ಟಿ ಗಿಡ್ಡವಿದ್ದಷ್ಟೂ ಒಳ್ಳೆಯದು, ಬಾಗಿಲು ತೆರೆಯುವಷ್ಟು ಸಡಿಲ ಮಾತ್ರ ಬಿಡಿ.

ಆಂಟೆನಾ ಕೂರಿಸುವ ಬೋಲ್ಟಿನ, ಅಂದರೆ ಸ್ಟಡ್ಡಿನ, ನೈಲಾನ್ ವಾಷರ್ ಮರೆಯಬೇಡಿ! ಅದು ತಪ್ಪಿದರೆ ಕೇಬಲ್ಲಿನ ನಡುತಂತಿ ನೇರ ಗ್ರೌಂಡಿಗೆ ತಾಗುತ್ತದೆ. ಆಗ ಮೈಕ್ ಒತ್ತಿದರೆ ರೇಡಿಯೊಗೇ ಅಪಾಯ.

ಕೊನೆಗೆ ಬಯಲಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ಚಾನೆಲ್ 1 ಮತ್ತು 40ರಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಅಳತೆ) ನೋಡಿ. 2ಕ್ಕಿಂತ ಕೆಳಗಿರಲಿ. 40ರಲ್ಲಿ ಹೆಚ್ಚಿದ್ದರೆ ಆಂಟೆನಾ ಉದ್ದವಾಗಿದೆ, 1ರಲ್ಲಿ ಹೆಚ್ಚಿದ್ದರೆ ಗಿಡ್ಡ. ಎರಡರಲ್ಲೂ 3 ದಾಟಿದರೆ ಆಂಟೆನಾ ಕತ್ತರಿಸದೆ ಮತ್ತೆ ಗ್ರೌಂಡನ್ನೇ ಹುಡುಕಿ.