ಆಶಾದವರಿಗೆ ಟ್ರಯಾಜ್ ಕಲಿಸಿದೆವು: ನನ್ನ ಅನುಭವ

"ಟ್ರಯಾಜ್ ಎಲ್ಲಾ ಆಶಾದವರಿಗೆ ಬರಲ್ಲ ಸರ್, ಅದು ಡಾಕ್ಟರ್ ಕೆಲಸ." ಸಭೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಟ್ರಯಾಜ್ ಅಂದರೆ ತುಂಬಾ ಜನರಿಗೆ ಪೆಟ್ಟಾದಾಗ ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ಬಣ್ಣ ಹಾಕಿ ವಿಂಗಡಿಸುವುದು. ಕಳೆದ ಮಳೆಗಾಲದಲ್ಲಿ ತೋಟದ ಕೆಲಸದವರಿದ್ದ ಪಿಕಪ್ ಮಗುಚಿತು. ಹದಿನೈದು ಜನರ ಹತ್ತಿರ ಪೆಟ್ಟು. 108 ಬರುವಷ್ಟರಲ್ಲಿ ನಮ್ಮ ಇಬ್ಬರು ಆಶಾ, ಒಬ್ಬರು ಸಿಸ್ಟರ್ ಸೇರಿ ಎಲ್ಲರ ಕೈಗೂ ಬಣ್ಣದ ಟೇಪ್ ಸುತ್ತಿದ್ದರು. ಮೊದಲ ಗಾಡಿಯಲ್ಲಿ ಹೋಗಬೇಕಾದವರೇ ಹೋದರು. ಹೆಮ್ಮೆಯಿಂದಲೇ ಹೇಳ್ತೇನೆ.

2018ರ ಆಗಸ್ಟ್‌ನಲ್ಲಿ ಕೊಡಗು ನೋಡಿದವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಜರಿದು ರಸ್ತೆ ಹೋದರೆ ಮೊದಲ ಕೆಲವು ಗಂಟೆ ಊರಲ್ಲಿ ಇರುವುದು ಇವರೇ ಅಲ್ವಾ?

ಮೊದಲು ನಮ್ಮ ತರಬೇತಿಯೂ ಎಲ್ಲರ ಹಾಗೇ: ಸಭಾಂಗಣ, ಪ್ರೊಜೆಕ್ಟರು, ಫೈಲು. ಅರ್ಧಕ್ಕಿಂತ ಜಾಸ್ತಿ ದುಡ್ಡು ಊಟ, ಫೈಲಿಗೇ ಹೋಗುತ್ತಿತ್ತು. ತಿಂಗಳು ಬಿಟ್ಟು ಕೇಳಿದರೆ ನಾಲ್ಕು ಬಣ್ಣ ನೆನಪಿತ್ತು, ಯಾರಿಗೆ ಯಾವುದು ಅನ್ನುವುದು ಮರೆತಿತ್ತು. ಆಮೇಲೆ ಗಾಯಾಳುವಿಗೆ ಕಟ್ಟುವ ಬಣ್ಣದ ಟ್ಯಾಗ್ ಅಚ್ಚು ಹಾಕಿಸಿದೆವು, ಒಂದಕ್ಕೆ 35-40 ರೂಪಾಯಿ. ಮಳೆಯಲ್ಲಿ ಪೆನ್ನೇ ಹಿಡಿಯಲಿಲ್ಲ. ರಿಬ್ಬನ್ ತಂದೆವು. ಒದ್ದೆ ಗ್ಲೌಸಲ್ಲಿ ಗಂಟು ಹಾಕಿ ನೋಡಿ, ಗೊತ್ತಾಗುತ್ತೆ.

ಕೊನೆಗೆ ಕೈ ಹಿಡಿದದ್ದು ಕರೆಂಟಿನವರು ಬಳಸುವ ಇನ್ಸುಲೇಶನ್ ಟೇಪ್. ಕೆಂಪು, ಹಳದಿ, ಹಸಿರು, ಕಪ್ಪು ನಾಲ್ಕೂ ಸಿಗುತ್ತೆ, ಒಂದು ರೋಲಿಗೆ ಹತ್ತು-ಹದಿನೈದು ರೂಪಾಯಿ. ಒದ್ದೆ ಚರ್ಮಕ್ಕೆ ಅಂಟಲ್ಲ, ಆದರೆ ಟೇಪಿನ ಮೇಲೇ ಟೇಪ್ ಎರಡು ಸುತ್ತು ಬಂದರೆ ನಿಲ್ಲುತ್ತೆ. ರೋಲಿನ ತುದಿಯನ್ನು ಒಂದು ಬೆರಳಿನಷ್ಟು ಮಡಚಿಟ್ಟಿರಬೇಕು. ಇಲ್ಲದಿದ್ದರೆ ಕತ್ತಲಲ್ಲಿ ತುದಿ ಹುಡುಕುತ್ತಾ ಕೂರಬೇಕಾಗುತ್ತೆ.

ಡ್ರಿಲ್ ಮಾಡುವುದು ಸಂಜೆ ಏಳರ ಮೇಲೆ, ಲೈಟ್ ಆರಿಸಿ, ಬಯಲಲ್ಲಿ. ಮೈದಾ, ಕುಂಕುಮ, ಬೀಟ್ರೂಟ್ ರಸದ ಗಾಯ. ಮೊದಲ ಸಲ ಎಲ್ಲರೂ ಜೋರಾಗಿ ಕಿರುಚುವವನ ಹತ್ತಿರವೇ ಓಡಿದರು. ಸುಮ್ನೆ ಮಲಗಿದ್ದವನನ್ನು ಯಾರೂ ಮುಟ್ಟಲಿಲ್ಲ. ಈಗ ಮೊದಲು ಕೂಗಿ ಹೇಳುತ್ತಾರೆ: "ನಡೆಯೋಕೆ ಆಗುವವರು ಈ ಕಡೆ ಬನ್ನಿ!" ಬಂದವರಿಗೆ ಹಸಿರು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಹೇಳಿದ ಹಾಗೆ ಮಾಡದಿದ್ದರೆ ಕೆಂಪು, ಅಂದರೆ ಮೊದಲ ಗಾಡಿ. ಉಗುರು ಒತ್ತಿ ಬಿಟ್ಟು, ಎರಡು ಸೆಕೆಂಡಲ್ಲಿ ಅದರ ಬಣ್ಣ ವಾಪಸ್ ಬರುತ್ತಾ ಅಂತ ನೋಡುವುದನ್ನು ಬಿಟ್ಟೆವು. ನಮ್ಮ ಚಳಿ, ಮಳೆ, ಕತ್ತಲಲ್ಲಿ ಅದನ್ನು ನಂಬುವ ಹಾಗಿಲ್ಲ. ಮೊದಮೊದಲು ಒಬ್ಬರಿಗೆ ಮೂರು ನಿಮಿಷ ಹಿಡಿಯುತ್ತಿತ್ತು, ಈಗ ಮುಕ್ಕಾಲು ನಿಮಿಷದ ಒಳಗೆ.

ಕಷ್ಟವಾದದ್ದು ಕಪ್ಪು ಬಣ್ಣ. ತಲೆ ಹಿಂದಕ್ಕೆ ಮಾಡಿ ಉಸಿರಿನ ದಾರಿ ಬಿಡಿಸಿದರೂ ಉಸಿರಾಡದವರನ್ನು ಬಿಟ್ಟು ಮುಂದೆ ಹೋಗಬೇಕು. ಒಬ್ಬರು ಆಶಾ ಡ್ರಿಲ್‌ನಲ್ಲೇ ಅತ್ತುಬಿಟ್ಟರು. ಅದಕ್ಕೆ ನಾವೊಂದು ಪಾತ್ರ ಸೇರಿಸಿದ್ದೇವೆ. ಅದರಿಂದಲೇ ಅವರ ಕೈ ಗಟ್ಟಿಯಾಗಿದ್ದು. ಏನೆಂದು ಇಲ್ಲಿ ಬರೆಯಲ್ಲ. ಮುಂದಿನ ಬ್ಯಾಚಿನವರು ಓದಿಕೊಂಡು ಬಂದರೆ ಕೆಲಸ ಕೆಟ್ಟಿತು.

ನಡುವೆ ಸೀಟಿಯ ಸಂಕೇತಗಳನ್ನೂ ಮಾಡಿ ನೋಡಿದೆವು. ಮೂರು ಸಲ ಊದಿದರೆ ಸ್ಟ್ರೆಚರ್ ತನ್ನಿ ಅಂತ. ಹತ್ತಿರದ ತೋಡಿನ ಸದ್ದಿಗೆ ಎಣಿಕೆ ತಪ್ಪುತ್ತಿತ್ತು. ಒಂದೇ ಉದ್ದ ಸೀಟಿ ಉಳಿಸಿಕೊಂಡೆವು.

ಒಟ್ಟು ಖರ್ಚು ಒಂದು ಬ್ಯಾಚಿಗೆ ಚಹಾ ಸೇರಿ ಎರಡು ಸಾವಿರದ ಆಸುಪಾಸು. ಈ ಮೇ ತಿಂಗಳಲ್ಲಿ ಮಕ್ಕಳ ಟ್ರಯಾಜ್ ಸೇರಿಸುತ್ತಿದ್ದೇವೆ. ಅಲ್ಲಿ ಉಸಿರು ನಿಮಿಷಕ್ಕೆ 15ರಿಂದ 45ರ ಒಳಗಿದ್ದರೆ ಸರಿ. ಉಸಿರಿಲ್ಲ ಆದರೆ ನಾಡಿ ಇದೆ ಅಂದರೆ ಐದು ಸಲ ಉಸಿರು ಕೊಟ್ಟು ನೋಡಿ ಆಮೇಲೆ ಬಣ್ಣ. ಅದಕ್ಕೆ ಗೊಂಬೆ ಬೇಕು. ಹಳೆಯದೊಂದನ್ನು ರಿಪೇರಿಗೆ ಕೊಟ್ಟಿದ್ದೇವೆ.