ಕ್ಲಿಪ್ ಮುರಿಯದೆ ಕಾರಿನ ಹೊರಪಟ್ಟಿ ಬಿಚ್ಚುವುದು ಹೇಗೆ?

ಡೋರಿಗೆ ಗೀರು ಬಿದ್ದು ಪೇಂಟ್ ಮಾಡಿಸುವಾಗ ಬೀಡಿಂಗ್, ಅಂದರೆ ಹೊರಗೆ ಕೂರಿಸಿದ ಉದ್ದ ಪಟ್ಟಿ, ಬಿಚ್ಚಿಯೇ ಮಾಡಿಸುವುದು ಒಳ್ಳೆಯದು. ಬಿಚ್ಚದೆ ಸುತ್ತ ಟೇಪ್ ಹಚ್ಚಿ ಸ್ಪ್ರೇ ಹೊಡೆದರೆ ಮುಂದೆ ಆ ಅಂಚಿನಿಂದಲೇ ಬಣ್ಣ ಏಳಬಹುದು. ಆದರೆ ಬಿಚ್ಚುವಾಗ ಹೆಚ್ಚಿನವರು ಪಟ್ಟಿಯ ಒಂದು ತುದಿ ಹಿಡಿದು ಜಗ್ಗುತ್ತಾರೆ. ಪಟ್ಟಿಯನ್ನು ಹಿಡಿದಿಡುವ ಕ್ಲಿಪ್ ಮುರಿಯುವುದು ಅಲ್ಲೇ. ಅದು ತೂತಿಗೆ ನೇರವಾಗಿ ಹೋಗಿ ಕೂತಿರುತ್ತದೆ, ನೇರವಾಗಿಯೇ ಹೊರಗೆ ಬರಬೇಕು. ತುದಿಯಿಂದ ಎಳೆದರೆ ಓರೆಯಾಗಿ ಕತ್ತು ಮುರಿದುಕೊಳ್ಳುತ್ತದೆ.

ಕ್ಲಿಪ್‌ಗಳು ಹೆಚ್ಚಾಗಿ ನೈಲಾನ್‌ನವು. ನೈಲಾನ್ ಗಾಳಿಯ ತೇವ ಹೀರಿಕೊಂಡಿದ್ದರೆ ಬಾಗುತ್ತದೆ, ಒಣಗಿದರೆ ಪೆಡಸಾಗುತ್ತದೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಒಣ ಹವೆಯಲ್ಲಿ, ವರ್ಷಗಟ್ಟಲೆ ಬಿಸಿಲಿಗೆ ನಿಂತ ಕಾರಿನ ಕ್ಲಿಪ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಹಾಗಾಗಿ ಹೊತ್ತು ನೋಡಿ ಕೆಲಸ ಶುರು ಮಾಡಿ. ಚಳಿಗಾಲದಲ್ಲಿ ಮುಂಜಾನೆ ಬೇಡ, ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಬಿಟ್ಟು ಆಮೇಲೆ ಕೈಹಾಕಿ. ಏಪ್ರಿಲ್‌ನಲ್ಲಿ ಇದರ ಉಲ್ಟಾ. ಮಧ್ಯಾಹ್ನ ತಗಡು ಮುಟ್ಟೋಕೂ ಆಗಲ್ಲ, ಪಟ್ಟಿಯ ಹಿಂದೆ ಟೇಪಿದ್ದರೆ ಅದರ ಅಂಟು ಎಳೆ ಎಳೆಯಾಗಿ ಕೈಗೆ ಬರುತ್ತದೆ. ಬೆಳಗ್ಗೆ ಒಂಬತ್ತು ಹತ್ತು ಗಂಟೆಯೇ ಸರಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ: ಪಟ್ಟಿ ಎತ್ತುವ ಪ್ಲಾಸ್ಟಿಕ್ ಟೂಲ್ ಸೆಟ್, ಮಾಸ್ಕಿಂಗ್ ಟೇಪ್, ಹೇರ್ ಡ್ರೈಯರ್, ಸಣ್ಣ ಮೈನಸ್ ಸ್ಕ್ರೂಡ್ರೈವರ್, ಟಾರ್ಚ್. ಸ್ಕ್ರೂಡ್ರೈವರ್ ಇರುವುದು ಕ್ಲ್ಯಾಡಿಂಗ್ (ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆ) ಹಿಡಿದಿಡುವ ಪಿನ್ ಎತ್ತಲು ಮಾತ್ರ. ಅದನ್ನು ಪಟ್ಟಿಯ ಸಂದಿಗೆ ತೂರಿಸಿದರೆ ಪೇಂಟ್ ಹೋಯಿತು ಅಂತಲೇ ಲೆಕ್ಕ.

ಮೊದಲು ತೊಳೆಯಿರಿ, ಅದರಲ್ಲೂ ಚಕ್ರದ ಮೇಲಿನ ಕಪ್ಪು ಕ್ಲ್ಯಾಡಿಂಗ್ ಒಳಗೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯಾದರೆ ಅಲ್ಲಿ ಮಣ್ಣು ಮೆತ್ತಿಕೊಂಡು ಇಟ್ಟಿಗೆಯಂತಾಗಿರುತ್ತದೆ. ನೀರು ಬಿಟ್ಟು ನೆನೆಸಿ, ಬ್ರಷ್‌ನಿಂದ ತೆಗೆಯಿರಿ. ಆಗಲೇ ಸ್ಕ್ರೂ, ಪಿನ್ ಎಲ್ಲಿವೆ ಅಂತ ಕಾಣುವುದು.

ಈ ಪಿನ್‌ಗಳಲ್ಲಿ ಎರಡು ಜಾತಿ. ನಡುವೆ ಟೊಪ್ಪಿ ಇದ್ದು ಅಂಚಿನಲ್ಲಿ ಸಣ್ಣ ಸಂದಿ ಕಂಡರೆ, ನಡುವಿನದನ್ನು ಸ್ಕ್ರೂಡ್ರೈವರ್‌ನಿಂದ ಮೇಲೆತ್ತಬೇಕು. ಪೂರ್ತಿ ಕೀಳಬೇಡಿ, ಅರ್ಧ ಎದ್ದ ಮೇಲೆ ಇಡೀ ಪಿನ್ ತಾನಾಗಿ ಸಡಿಲವಾಗುತ್ತದೆ. ನಡುಭಾಗ ಸಪಾಟಾಗಿದ್ದು ಎತ್ತಲು ಜಾಗವೇ ಇಲ್ಲದಿದ್ದರೆ ಅದು ಒಳಕ್ಕೆ ಒತ್ತುವ ಜಾತಿ. ಎರಡು ಮೂರು ಮಿ.ಮೀ. ಒತ್ತಿದರೆ ಸಾಕು, ಜೋರಾಗಿ ಒತ್ತಿದರೆ ನಡುವಿನ ತುಂಡು ಒಳಗೆ ಬಿದ್ದುಹೋಗುತ್ತದೆ. ವಾಪಸ್ ಹಾಕುವಾಗ ಆ ತುಂಡನ್ನು ಮೊದಲು ಹೊರಗೆ ಎಳೆದುಕೊಂಡಿರಬೇಕು.

ಇನ್ನು ಪಟ್ಟಿ. ಅದರ ಸುತ್ತ ಕಾರಿನ ಬಾಡಿಯ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. ತುದಿಯನ್ನು ಟೂಲ್‌ನಿಂದ ಕೂದಲೆಳೆಯಷ್ಟು ಎತ್ತಿ, ಒಳಗೆ ಟಾರ್ಚ್ ಬಿಟ್ಟು ಮೊದಲ ಕ್ಲಿಪ್ ಎಲ್ಲಿದೆ ನೋಡಿ. ಟೂಲನ್ನು ಆ ಕ್ಲಿಪ್‌ನ ಬುಡದವರೆಗೂ ತಳ್ಳಿ, ಅಲ್ಲಿಂದ ನೇರವಾಗಿ ಹೊರಕ್ಕೆ ಮೀಟಿ. ಎರಡೂ ಬದಿಯಿಂದ ಎರಡು ಟೂಲ್ ಕೊಟ್ಟರೆ ಇನ್ನೂ ಒಳ್ಳೆಯದು. ‘ಟಕ್’ ಅಂದ ಮೇಲೆ ಮುಂದಿನದಕ್ಕೆ ಹೋಗಿ. ಬರದಿದ್ದರೆ ಬಲ ಹಾಕುವ ಮೊದಲು ಹುಡುಕಿ: ಎಲ್ಲೋ ಒಂದು ಸ್ಕ್ರೂ ಉಳಿದಿರುತ್ತದೆ, ಇಲ್ಲವೇ ಹಿಂದೆ ಡಬಲ್ ಸೈಡ್ ಟೇಪ್ ಇರುತ್ತದೆ. ಟೇಪಿದ್ದರೆ ಡ್ರೈಯರ್‌ನಿಂದ ಬಿಸಿ ಕೊಟ್ಟು, ಮೀನಿನ ಗಾಳದ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿ. ಕೆಲವು ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿಯೇ ತೆಗೆಯಬೇಕು. ಅಂಥದ್ದನ್ನು ಹೊರಕ್ಕೆ ಎಷ್ಟು ಮೀಟಿದರೂ ಸುಮ್ನೆ ಮುರಿಯುತ್ತದೆ ಅಷ್ಟೆ.

ಕೆಲವು ಕ್ಲಿಪ್ ಬಾಡಿಯಲ್ಲೇ ಉಳಿಯುತ್ತವೆ. ಅವನ್ನು ಕವೆಯಂಥ ಟೂಲ್‌ನಿಂದ ತೆಗೆದು ಪಟ್ಟಿಗೇ ಸಿಕ್ಕಿಸಿ. ಮುರಿದದ್ದನ್ನು, ರೆಕ್ಕೆ ಬೆಳ್ಳಗಾದದ್ದನ್ನು ಮತ್ತೆ ಹಾಕಬೇಡಿ. ಒಂದು ಹಳೆಯ ಕ್ಲಿಪ್ ಹಿಡಿದುಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಬಾಯಲ್ಲಿ ಅಳತೆ ಹೇಳಿದರೆ ಸರಿಯಾದದ್ದು ಸಿಗುವುದು ಕಷ್ಟ. ಎರಡು ಮೂರು ಜಾಸ್ತಿಯೇ ತನ್ನಿ. ಹೊಸದು ತೀರಾ ಬಿರುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿನೀರಲ್ಲಿ ಹಾಕಿಡಿ.

ಕ್ಲಿಪ್‌ನ ಬುಡದಲ್ಲಿ ಫೋಮ್ ಅಥವಾ ರಬ್ಬರ್ ವಾಷರ್ ಇದ್ದರೆ ಅದನ್ನು ಕಳೆದುಕೊಳ್ಳಬೇಡಿ. ಅದಿಲ್ಲದಿದ್ದರೆ ನೀರು ತೂತಿನಿಂದ ಒಳಗೆ ಇಳಿದು ತಗಡು ತುಕ್ಕು ಹಿಡಿಯುತ್ತದೆ. ತೂತಿನ ಅಂಚಿನಲ್ಲಿ ಬಣ್ಣ ಎದ್ದಿದ್ದರೆ ಅಲ್ಲೇ ಟಚಪ್ ಪೇಂಟ್ ಹಚ್ಚಿ ಒಣಗಲು ಬಿಡಿ. ಆಮೇಲೆ ಎಲ್ಲ ಕ್ಲಿಪ್‌ಗಳನ್ನೂ ತೂತಿಗೆ ಸರಿಯಾಗಿ ಹೊಂದಿಸಿ, ಅಂಗೈಯಿಂದ ಒಂದೊಂದನ್ನೇ ಗುದ್ದಿ ಕೂರಿಸಿ. ಹೊಸ ಡಬಲ್ ಸೈಡ್ ಟೇಪ್ ಹಾಕಿದ್ದರೆ ಒಂದು ದಿನವಾದರೂ ಕಾರಿಗೆ ನೀರು ಹೊಡೆಯಬೇಡಿ.

ಮುಂದಿನ ದೊಡ್ಡ ಗಾಜಿನ ಅಂಚಿನ ಪಟ್ಟಿಗೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ. ಕೆಲವು ಕಾರುಗಳಲ್ಲಿ ಅದು ಗಾಜಿನ ಅಂಟಿಗೇ ಕಚ್ಚಿಕೊಂಡಿರುತ್ತದೆ. ಅದನ್ನು ಗ್ಲಾಸ್ ಕೂರಿಸುವವರೇ ತೆಗೆಯಲಿ.